ಪ್ರೆಶರ್ ಕಾಂತೇಶನ ಸುರಗಿ ನೀರು

ಒತ್ತಡ ಎಂಬ ಶಬ್ದ ನಮ್ಮೂರಿನಲ್ಲಿ ಶಾಲೆಯ ಪುಸ್ತಕ ಬಿಟ್ಟು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಹೊರಗೆಲ್ಲ ಪ್ರೆಶರ್. ಟ್ರ್ಯಾಕ್ಟರಿನ ಗಾಲಿ ಮೆತ್ತಗಾದರೆ ಪ್ರೆಶರ್ ಇಲ್ಲ, ಕುಕ್ಕರ್ ಸೀಟಿ ಹೊಡೆಯದಿದ್ದರೆ ಪ್ರೆಶರ್ ಕೂತಿಲ್ಲ. ಮುದುಕರ ರಕ್ತದಲ್ಲಿ ಪ್ರೆಶರ್, ಹುಡುಗರ ಕ್ರಿಕೆಟ್ಟಿನಲ್ಲಿ ಪ್ರೆಶರ್. ಪಂಚಾಯ್ತಿ ಮೆಂಬರ್ ಮುತ್ತಪ್ಪ ಕೆಲಸ ಮಾಡಿಕೊಡದಿದ್ದರೆ "ಮ್ಯಾಲಿಂದ ಪ್ರೆಶರ್ ಐತ್ರಿ" ಎನ್ನುತ್ತಾನೆ, ಮಾಡಿಕೊಟ್ಟರೆ "ನಾನ ಪ್ರೆಶರ್ ಹಾಕಿದ್ನಿ" ಎನ್ನುತ್ತಾನೆ. ರಾಮದುರ್ಗದ ಬಸ್ಸಿನಲ್ಲಿ ಒಬ್ಬ ಮುಖ ಕಿವುಚಿಕೊಂಡು ಕಂಡಕ್ಟರನ ಹತ್ತಿರ ಹೋಗಿ "ಭಾಳ ಪ್ರೆಶರ್ ಬಂದೈತಿ, ಒಂಚೂರು ನಿಂದರಸ್ರಿ" ಎಂದರೆ ಅದು ಯಾವ ಪ್ರೆಶರ್ ಎಂದು ಯಾರೂ ಕೇಳುವುದಿಲ್ಲ. ವಿಜ್ಞಾನದ ಮಾಸ್ತರರು ಬಲ, ವಿಸ್ತೀರ್ಣ ಎಂದು ಏನೇನೋ ಬರೆಸುತ್ತಾರೆ. ಊರಿಗೆ ಅಷ್ಟೆಲ್ಲ ಬೇಡ. ಒಳಗೆ ಕೂತದ್ದು ಹೊರಗೆ ಬರಲು ಒದ್ದಾಡಿದರೆ ಅದು ಪ್ರೆಶರ್, ಮುಗಿಯಿತು.

ಈ ಎಲ್ಲ ಪ್ರೆಶರುಗಳ ನಡುವೆ ನೀರಿನ ಪ್ರೆಶರನ್ನು ಮಾತ್ರ ಊರು ಒಬ್ಬನೇ ಮನುಷ್ಯನ ಕೊರಳಿಗೆ ಕಟ್ಟಿತ್ತು. ಅವನು ಕಾಂತೇಶ, ನಮ್ಮ ಪಂಚಾಯ್ತಿಯ ವಾಟರ್‌ಮನ್. ಟಾಕಿಯ ನೀರನ್ನು ಊರಿಗೆ ಬಿಡುವವನು ಅವನೇ, ಬಂದ್ ಮಾಡುವವನೂ ಅವನೇ. ಹೀಗಾಗಿ ಅವನ ಹೆಸರೇ ಪ್ರೆಶರ್ ಕಾಂತೇಶ ಎಂದಾಗಿತ್ತು. ಅವನ ಗಾಡಿಯ ಸಪ್ಪಳ ಕೇಳಿದರೆ ಸಾಕು, ಹೆಂಗಸರು ಕೊಡ ಎತ್ತಿಕೊಂಡು "ಏ ಕಾಂತ್ಯಾ, ಇವತ್ತರ ಪ್ರೆಶರ್ ಬಿಡೋ" ಎಂದು ಕೂಗುತ್ತಿದ್ದರು. ಅವನೇನೋ ಪ್ರೆಶರನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಜಿಪುಣತನ ಮಾಡುತ್ತಿದ್ದಾನೆ ಎನ್ನುವ ಹಾಗೆ!

ನನ್ನ ಹೆಸರು ಶ್ರೀಶೈಲ. ಊರಬಾಗಿಲಾದ ಅಗಸಿಯ ಪಕ್ಕದಲ್ಲಿ ನನ್ನ ಕಿರಾಣಿ ಅಂಗಡಿ, ಅಂಗಡಿಯ ಎದುರಿಗೇ ನೀರಿನ ದೊಡ್ಡ ವಾಲ್. ಆದ್ದರಿಂದ ಕಾಂತೇಶನ ದಿನಚರಿ ನನಗೆ ಬೇಡವೆಂದರೂ ಬಾಯಿಪಾಠ. ಬೆಳಿಗ್ಗೆ ಎಕ್ಸೆಲ್ ಗಾಡಿಯ ಮೇಲೆ ಬರುತ್ತಾನೆ. ಗಾಡಿಗೆ ಉದ್ದಕ್ಕೂ ಕಟ್ಟಿದ ಕಬ್ಬಿಣದ ಚಾವಿ, ಸೊಂಟದೆತ್ತರದ್ದು, ಮೇಲೆ ಅಡ್ಡ ಹಿಡಿಕೆ. ಅದನ್ನು ವಾಲ್‌ನ ಗುಂಡಿಗೆ ಇಳಿಸಿ ನಿಧಾನವಾಗಿ ತಿರುಗಿಸುತ್ತಾನೆ. ಆಮೇಲೆ ಮೊಣಕಾಲೂರಿ ಕುಳಿತು ಪೈಪಿಗೆ ಕಿವಿ ಹಚ್ಚುತ್ತಾನೆ. ನೀರು ಎಲ್ಲಿಯವರೆಗೆ ಹೋಯಿತು ಎಂಬುದು ಅವನಿಗೆ ಕೇಳಿಸುತ್ತದಂತೆ. ಬೈಲಹೊಂಗಲದಲ್ಲಿ ಐಟಿಐ ಓದಿದವನು, ಆದರೆ ಈ ಕಿವಿ ಹಚ್ಚುವ ವಿದ್ಯೆ ಅಲ್ಲಿ ಕಲಿಸಿದ್ದಲ್ಲ. ಎಷ್ಟು ಜನ ಬೈದರೂ ತಿರುಗಿ ಬೈಯುವ ಪೈಕಿಯಲ್ಲ. "ಹೌದ್ರಿ ಕಾಕು, ನೋಡತೇನ್ರಿ ವೈನಿ" ಎನ್ನುತ್ತ ಮುಂದೆ ಹೋಗುತ್ತಾನೆ. ನಾನಾಗಿದ್ದರೆ ಆ ಚಾವಿಯಿಂದಲೇ ಒಂದಿಬ್ಬರಿಗೆ ಬಿಗಿಯುತ್ತಿದ್ದೆ.

ಇನ್ನು ನಮ್ಮೂರ ನೀರಿನ ಸ್ಥಿತಿ. ತೊರಗಲ್ಲಿನ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ ನಮ್ಮೂರು. ಅರ್ಧ ಊರು ತಗ್ಗಿನಲ್ಲಿದೆ, ಅದು ಕೆಳಗಿನ ಓಣಿ. ಉಳಿದದ್ದು ಏರಿಯ ಮೇಲಿದೆ, ಅದು ಗುಡ್ಡದ ಓಣಿ. ಊರಿಗೆಲ್ಲ ಒಂದೇ ಪೈಪು. ಟಾಕಿಯಿಂದ ಇಳಿದು, ಕೆಳಗಿನ ಓಣಿಯ ಎಲ್ಲರ ಮನೆ ಮುಟ್ಟಿ, ಕೊನೆಗೆ ಗುಡ್ಡದ ಓಣಿಗೆ ಏರಬೇಕು. ಏರುತ್ತಿರಲಿಲ್ಲ. ಅಲ್ಲಿ ಮನೆಮನೆಗೆ ನಳ ಕೂಡ್ರಿಸಿದ್ದರು, ಫೋಟೋ ಹೊಡೆಸಿಕೊಂಡಿದ್ದರು, ಆದರೆ ಆ ನಳಗಳಿಂದ ಬಂದದ್ದು ಒಂದಿಷ್ಟು ಗಾಳಿ ಮತ್ತು ಒಂದು ಸಲ ಒಂದು ಜಿರಳೆ.

ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಕೆಳಗಿನ ಓಣಿಯಲ್ಲಿ ಮೊದಮೊದಲು ಎಲ್ಲರ ನಳಗಳೂ ನಳದ ಹಾಗೇ ಇದ್ದವು. ಒಬ್ಬರು ನೀರು ಸಣ್ಣಗೆ ಬರುತ್ತದೆಂದು ತಮ್ಮ ನಳದ ತಲೆ ಬಿಚ್ಚಿ ಬರೀ ಪೈಪು ಉಳಿಸಿಕೊಂಡರು. ಪಕ್ಕದವರು ಪೈಪನ್ನು ನೆಲಕ್ಕೆ ಇಳಿಸಿದರು. ಅವರ ಪಕ್ಕದವರು ಗುಂಡಿ ತೋಡಿ ನೆಲದ ಕೆಳಗೇ ಇಳಿಸಿದರು. ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲವಲ್ಲ! ಆಕೆಯದು ಮೊಣಕಾಲ ಮಟ ಇದ್ದರೆ ಈಕೆಯದು ಸೊಂಟದ ಮಟ. ಹೀಗೇ ಇಳಿದೂ ಇಳಿದೂ ಓಣಿಯ ಪ್ರತಿ ಮನೆಯ ಮುಂದೆ ಒಂದು ಗುಂಡಿ, ಗುಂಡಿಯ ತಳದಲ್ಲಿ ಬಾಯಿ ತೆರೆದ ಒಂದು ಪೈಪು.

ಎಲ್ಲರಿಗಿಂತ ಆಳದ ಗುಂಡಿ ಕರೆವ್ವನದು. ಗಂಡ ತೀರಿದ ಮೇಲೆ ಮಕ್ಕಳನ್ನು ಒಬ್ಬಳೇ ದಡ ಮುಟ್ಟಿಸಿದ ಗಟ್ಟಿ ಹೆಂಗಸು, ಬಾಯಿಯೂ ಅಷ್ಟೇ ಗಟ್ಟಿ. ಅವಳ ಗುಂಡಿಗೆ ಇಳಿಯಲು ಮೆಟ್ಟಿಲಿವೆ. ಸವದತ್ತಿಯಿಂದ ಮೊದಲ ದೀಪಾವಳಿಗೆ ಬಂದ ಅವಳ ಹೊಸ ಅಳಿಯ ಕತ್ತಲಲ್ಲಿ ಎಡವಿ ಅದರೊಳಗೆ ಹೋದಾಗ, ಮೇಲೆತ್ತಲು ಓಣಿಯವರೆಲ್ಲ ಬರಬೇಕಾಯಿತು. ಹೊಸ ಧೋತರ ಕೆಸರಾಗಿ ಅಳಿಯ ಸಿಟ್ಟಿನಿಂದ ನಿಂತಿದ್ದರೆ ಕರೆವ್ವ, "ನೋಡ್ರಿ ಅಳಿಯಾರ, ನಮ್ಮ ಮನ್ಯಾಗ ನೀರಿಗೇನ ಕಡಿಮಿಲ್ಲ" ಎಂದಳು.

ಕಾಂತೇಶನಿಗೆ ಮದುವೆಯ ವಯಸ್ಸಾಗಿತ್ತು, ಹೆಣ್ಣು ಸಿಗುತ್ತಿರಲಿಲ್ಲ. ದಿನಾ ಬೈಸಿಕೊಳ್ಳುವ ಗಂಡಿಗೆ ಯಾರು ಕೊಡುತ್ತಾರೆ? ಒಂದು ದಿನ ತಲೆ ತಿರುಗಿದಂತಾಗಿ ರಾಮದುರ್ಗದ ಒಂದು ದವಾಖಾನೆಗೆ ಹೋದ. ಅಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಿದ್ದ ನರ್ಸು ಸ್ನೇಹಲ್, ನಮ್ಮೂರ ಗುಡ್ಡದ ಓಣಿಯಲ್ಲಿರುವ, ಗೋಡೆ ಕಟ್ಟುವ ಗೌಂಡಿ ಶಟ್ಟೆಪ್ಪನ ಮಗಳು. ಒಂದೇ ಊರಾದರೂ ನೀರು ಏರದ ಓಣಿಗೆ ಕಾಂತೇಶ ತಲೆ ಹಾಕುತ್ತಿರಲಿಲ್ಲ, ಹೋದರೆ ಬೈಗುಳ ತಪ್ಪಿದ್ದಲ್ಲ.

"ಪ್ರೆಶರ್ ಎಷ್ಟೈತ್ರಿ?" ಎಂದು ಹೆದರಿ ಕೇಳಿದ.

"ನಿಮ್ಮದು ಬರೋಬ್ಬರಿ ಐತ್ರಿ. ನಮ್ಮ ಓಣಿ ನಳದ್ದ ಇಲ್ಲ. ಅದನ್ನ ಯಾವಾಗ ಚೆಕ್ ಮಾಡಾವ್ರು?"

ಅಂದಿನಿಂದ ಕಾಂತೇಶನಿಗೆ ಆಗಾಗ ತಲೆ ತಿರುಗತೊಡಗಿತು. ವಾರಕ್ಕೊಮ್ಮೆ ರಾಮದುರ್ಗಕ್ಕೆ ಹೋಗಿ ತೋಳು ಚಾಚಿ ಕೂರುತ್ತಿದ್ದ. ನನಗೆ ಆಗಲೇ ವಾಸನೆ ಬಡಿದಿತ್ತು. ನನ್ನ ಅಂಗಡಿಯಿಂದ ಪೌಡರ್ ಡಬ್ಬಿ ಒಯ್ದ ಗಂಡಸಿಗೆ ರೋಗ ಯಾವುದೆಂದು ನಾನು ಹೇಳಬಲ್ಲೆ.

ಕಡೆಗೆ ಹೆಣ್ಣು ಕೇಳಲು ಹೋದರು. ಕಾಂತೇಶನ ತಾಯಿಯ ಜೊತೆ ಹಿರಿಯನೆಂದು ನಾನೂ ಹೋದೆ. ಒಗ್ಗರಣೆ ಅವಲಕ್ಕಿ ಬಂತು, ಚಹಾ ಬಂತು. ಶಟ್ಟೆಪ್ಪನಿಗೆ ಈ ಸಂಬಂಧ ಅಷ್ಟಕ್ಕಷ್ಟೇ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗನ ಕಡೆಯವರೂ ಕೇಳಿದ್ದರು. ಅಲ್ಲಿ ಮನೆಯೊಳಗೇ ನೀರು, ಅಡುಗೆಮನೆಯಲ್ಲೇ ನಳ. ಆದರೆ ಆ ಮನೆಯಲ್ಲಿ ಕೊನೆಯ ಮಾತು ಶಟ್ಟೆಪ್ಪನದಲ್ಲ, ಅವನ ತಾಯಿ ಸಾವಂತ್ರೆವ್ವನದು. ಮುದುಕಿ ಕಂಬಕ್ಕೆ ಆತು ಕುಳಿತು ಕಾಂತೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹುಡುಗ ಬೇಷ್ ಅದಾನ. ಹುಡಿಗಿ ಮನಸೂ ಅಲ್ಲೇ ಐತಿ, ನನಗೇನ ಕಣ್ಣ ಹೋಗಿಲ್ಲ. ನಾ ವಲ್ಲೆ ಅನ್ನಂಗಿಲ್ಲಪಾ. ಆದ್ರ ಒಂದ ಮಾತು."

"ಹೇಳ್ರಿ ಆಯಿ" ಎಂದ ಕಾಂತೇಶ.

"ನನ್ನ ಮೊಮ್ಮಗಳ ಸುರಗಿ ನಮ್ಮ ಅಂಗಳದಾಗ ಆಗಬೇಕು. ಆ ಸುರಗಿ ನೀರು ನಮ್ಮ ಮನಿ ನಳದಾಗಿಂದ ಬರಬೇಕು."

ಸುರಗಿ ಎಂದರೆ ನಮ್ಮ ಕಡೆಯ ಮದುವೆಯಲ್ಲಿ ಮಾಡಿಸುವ ಸ್ನಾನ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ಅದರ ನಡುವೆ ಮದುಮಗಳನ್ನೂ ಮದುಮಗನನ್ನೂ ಕೂಡ್ರಿಸಿ, ಹೆಂಗಸರು ಹಾಡುತ್ತ ನೀರು ಸುರಿಯುತ್ತಾರೆ. ಆ ನೀರು ಬೀಳದೆ ಅಕ್ಷತೆ ಬೀಳುವುದಿಲ್ಲ.

"ನನ್ನ ಸುರಗಿ ನೀರನ್ನ ನಮ್ಮವ್ವ ಕೆಳಗಿನ ಬಾವಿಯಿಂದ ಹೊತ್ತ ತಂದಿದ್ಲು. ನನ್ನ ಸೊಸಿ ಸುರಗಿಗೆ ನಾ ಹೊತ್ತ ತಂದ್ನಿ. ಸಿಂಬಿ ಇಟ್ಟೂ ಇಟ್ಟೂ ನೆತ್ತಿ ಮ್ಯಾಗ ಕೂದಲಾ ಉಳದಿಲ್ಲ ನೋಡ" ಎಂದು ಸೆರಗು ಸರಿಸಿ ತೋರಿಸಿದಳು. "ತಲಿ ಮ್ಯಾಲ ಹೊತ್ತ ತಂದ ನೀರು ಇಕಿಗೆ ಹಾಕಸಂಗಿಲ್ಲ. ಬಸವ ಜಯಂತಿ ಮಟ ಟೈಮ್ ಐತಿ. ನೀರ ಏರಸು, ಹುಡಿಗಿನ್ನ ಒಯ್ಯಿ. ಏರಲಿಲ್ಲಂದ್ರ ಹುಬ್ಬಳ್ಳಿಯವರಿಗೆ ಹೂಂ ಅಂತೇವಿ."

ಗುಡ್ಡದ ಏರಿಯಿಂದ ಇಳಿಯುವಾಗ ಕಾಂತೇಶ ಎರಡು ಸಲ ತಿರುಗಿ ನೋಡಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಸ್ನೇಹಲ್ ಒಂದೇ ಒಂದು ಸಲ ಅವನ ಕಡೆ ನೋಡಿದ್ದಳು, ಅದೇ ಅವನಿಗೆ ಸಾಕಷ್ಟು ಭಾರವಾಗಿತ್ತು.

ಮರುದಿನವೇ ಕೆಲಸ ಶುರು. ರಾಮದುರ್ಗದಿಂದ ಎಂಜಿನಿಯರ್ ಸಾಹೇಬರನ್ನು ಕರೆತಂದ. ಒಳ್ಳೆಯ ಮನುಷ್ಯ, ಬಿಸಿಲಿನಲ್ಲಿ ಊರೆಲ್ಲ ತಿರುಗಿ ನೋಡಿ ನನ್ನ ಅಂಗಡಿಯ ಕಟ್ಟೆಗೆ ಕುಳಿತರು. "ಟಾಕಿ ಗುಡ್ಡದ ಓಣಿಗಿಂತ ಎತ್ತರ ಐತಿ. ನೀರು ತಾನ ಏರಬೇಕು. ನಡುವ ಇಷ್ಟ ಬಾಯಿ ತೆರದ ಇಟ್ರ ಪ್ರೆಶರ್ ಎಲ್ಲಿಂದ ಬರಬೇಕು? ಈ ಪೈಪು ಮುಚ್ಚಸ್ರಿ, ಸಾಕು" ಎಂದರು. ಕಾಂತೇಶನಿಗೂ ಅದು ಗೊತ್ತಿತ್ತು. ಸಾಹೇಬರ ಬಾಯಿಂದ ಬಂದ ಮೇಲೆ ಧೈರ್ಯ ಬಂತು, ಆ ಧೈರ್ಯದಲ್ಲಿ ಒಂದು ತಪ್ಪು ಮಾಡಿದ. ಪಂಚಾಯ್ತಿಯ ಕಸದ ಗಾಡಿಯ ಮೈಕಿನಲ್ಲಿ ಸಾರಿಸಿದ: "ಸಾರ್ವಜನಿಕರಲ್ಲಿ ವಿನಂತಿ. ನಳದ ಗುಂಡಿಗಳನ್ನು ಬರುವ ಸೋಮವಾರದೊಳಗೆ ಮುಚ್ಚತಕ್ಕದ್ದು."

ಕೆಳಗಿನ ಓಣಿ ಅದನ್ನು ಕೇಳಿತು, ಅರ್ಥವನ್ನೂ ಮಾಡಿಕೊಂಡಿತು. ಸೋಮವಾರದ ನಂತರ ನೀರಿಗೆ ತ್ರಾಸು, ಅದಕ್ಕೆ ಮೊದಲೇ ಸಿಕ್ಕಷ್ಟು ತುಂಬಿಕೊಳ್ಳಬೇಕು! ಸಂಜೆಯ ಹೊತ್ತಿಗೆ ಓಣಿಯ ತುಂಬ ಗುದ್ದಲಿಯ ಸದ್ದು. ಮೊಣಕಾಲ ಮಟದವು ಸೊಂಟಕ್ಕಿಳಿದವು, ಸೊಂಟದವು ಎದೆಗಿಳಿದವು. ಕರೆವ್ವ ಇನ್ನೂ ಒಂದು ಮೆಟ್ಟಿಲು ಕಟ್ಟಿಸಿದಳು. ಸೋಮವಾರ ಒಂದು ಗುಂಡಿಯೂ ಮುಚ್ಚಲಿಲ್ಲ. ಮುತ್ತಪ್ಪ ಬಂದು, "ನಿನಗ ಪ್ರೆಶರ್ ಹಾಕಂತ ಯಾರ ಹೇಳಿದ್ರೋ? ಇಲೆಕ್ಷನ್ ಬಂದೈತಿ" ಎಂದು ಕಾಂತೇಶನಿಗೇ ಬೈದು ಹೋದ.

ಕಾಂತೇಶ ಮನೆಮನೆಗೆ ಹೋಗಿ ಕೈ ಮುಗಿದದ್ದೂ ಆಯಿತು. "ನಂದೇನಿಲ್ಲಪಾ, ಮಂಜುಳಾ ಮುಚ್ಚಿದ್ರ ನಾ ಮುಚ್ಚತೇನಿ" ಎಂದಳು ಕರೆವ್ವ. "ಕರೆವ್ವ ಕಾಕು ಮೊದಲ ಮುಚ್ಚಲಿ" ಎಂದಳು ಪಕ್ಕದ ಮನೆಯ ಮಂಜುಳಾ. "ನಾ ಮುಚ್ಚತೇನಿ, ಆದ್ರ ಅವ್ರಿಬ್ರೂ ಮುಚ್ಚಂಗಿಲ್ಲ ನೋಡ" ಎಂದಳು ಮೂರನೆಯ ಮನೆಯ ರಾಜೇಶ್ವರಿ. ಹೀಗೆ ಓಣಿಯ ತುದಿಯವರೆಗೂ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ನನ್ನ ಅಂಗಡಿಯಲ್ಲಿ ಸೋಡಾ ಹಿಡಿದು ಕೂತಿದ್ದ, ಕುಡಿಯುತ್ತಿರಲಿಲ್ಲ. "ನಾನ ಹೋಗಿ ಆಯಿಗೆ ಹೇಳಿ ಬಿಡತೇನ್ರಿ ಕಾಕಾ. ನನ್ನಿಂದ ಆಗಂಗಿಲ್ಲ. ಆಕಿರೆ ನೀರ ಇದ್ದ ಮನಿಗೆ ಹೋಗಲಿ" ಎಂದ. ಅಷ್ಟರಲ್ಲಿ ರಾಮದುರ್ಗದ ಬಸ್ಸಿಳಿದು ಸ್ನೇಹಲ್ ಬಂದಳು. ಅವನ ಮಾತು ಕೇಳಿದ್ದಳು.

"ನೀರ ಇದ್ದ ಮನಿಗೆ ಹೋಗೂದಿದ್ರ ಯಾವಾಗೋ ಹೋಗತಿದ್ನಿ. ಗುಂಡಿ ಮುಚ್ಚರಿ ಅಂತ ಕೇಳಬ್ಯಾಡ್ರಿ ಇನ್ನ. ಸುರಗಿಗೆ ನೀರ ಹಾಕಾಕ ಬರ್ರಿ ಅಂತ ಕರಿಯೂಣು. ಕೆಳಗಿನ ಓಣಿ ಎಲ್ಲಾ ಹೆಣಮಕ್ಕಳನ್ನೂ, ಒಬ್ಬರನ್ನ ಬಿಡದಂಗ."

"ಅವ್ರ ಬಂದ್ರೂ ಗುಂಡ್ಯಾಗಿನ ಪೈಪ ತೆರದ ಇರತಾವಲ?"

ಸ್ನೇಹಲ್ ನಕ್ಕಳು. "ಕರೆವ್ವ ಕಾಕು ತನ್ನ ಗುಂಡಿ ಬಾಯಿ ತೆರದಿಟ್ಟು ಮನಿ ಬಿಟ್ಟ ಬರತಾಳೇನು? ತಾ ಇಲ್ಲದಾಗ ಯಾರರೆ ಬಂದು ತುಂಬ್ಕೊಂಡ್ರ? ಎಲ್ಲಾರೂ ತಮ್ತಮ್ಮದು ಬಿಗದ ಬರತಾರ ನೋಡ್ರಿ."

ನಾನು ಬಾಯಿ ತೆರೆದೇ ಕುಳಿತೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅದು ಈ ಹುಡುಗಿಯ ಬುದ್ಧಿ. ಒಳ್ಳೆಯತನವನ್ನು ಕೇಳಿ ಕೇಳಿ ಕಾಂತೇಶ ಸೋತಿದ್ದ. ಇವಳು ಅವರ ಗುಮಾನಿಯನ್ನೇ ಕೆಲಸಕ್ಕೆ ಹಚ್ಚಲು ಹೊರಟಿದ್ದಳು.

ಬಸವ ಜಯಂತಿಯ ದಿನಕ್ಕೆ ಮುಹೂರ್ತ ಇಟ್ಟರು. ಸ್ನೇಹಲ್ ತನ್ನ ಅಜ್ಜಿಯ ಕೈ ಹಿಡಿದು, ತಾಯಿಯ ಕೈಯಲ್ಲಿ ಕುಂಕುಮದ ಬಟ್ಟಲು ಕೊಟ್ಟು, ಕೆಳಗಿನ ಓಣಿಯ ಪ್ರತಿ ಹೊಸ್ತಿಲಿಗೂ ಬಂದಳು. ಸುರಗಿಗೆ ನೀರು ಹಾಕಲು ಕರೆದರೆ ಒಲ್ಲೆ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಕರೆವ್ವನ ಮನೆಯಲ್ಲಿ ಸಾವಂತ್ರೆವ್ವ, "ಮೊದಲನೇ ತಂಬಗಿ ನೀನ ಹಾಕಬೇಕ ಯವ್ವಾ" ಎಂದಳು. ಗಂಡ ಸತ್ತವಳೆಂದು ಮಂಗಲಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿದು ಸರಿದು ರೂಢಿಯಾಗಿದ್ದ ಕರೆವ್ವ ಆ ದಿನ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಮುದಿಕಿ, ನೀರ ಬರದಿದ್ರ ಏನ ಮಾಡತಿ?" ಎಂದು ಆಮೇಲೆ ಕೇಳಿದಳು. "ಬರಲಿಲ್ಲಂದ್ರ ಮದವಿ ಇಲ್ಲ" ಎಂದಳು ಸಾವಂತ್ರೆವ್ವ, ಎಲೆಅಡಿಕೆ ಬೇಕೇ ಎಂದು ಕೇಳುವಷ್ಟು ಸಲೀಸಾಗಿ.

ಆ ಬೆಳಿಗ್ಗೆ ಕೆಳಗಿನ ಓಣಿ ನೋಡುವ ಹಾಗಿತ್ತು. ರೇಷ್ಮೆ ಸೀರೆ ಉಟ್ಟ ಹೆಂಗಸರು ಸೆರಗು ಸೊಂಟಕ್ಕೆ ಬಿಗಿದು ಗುಂಡಿಗಿಳಿದಿದ್ದರು. ಒಬ್ಬಳು ಪೈಪಿನ ಬಾಯಿಗೆ ಅರಿವೆ ಸುತ್ತಿದ ಗೋವಿನಜೋಳದ ದಿಂಡು ತುರುಕಿದ್ದಳು, ಒಬ್ಬಳು ಕಟ್ಟಿಗೆಯ ಬೂಚು ಬಡಿದಿದ್ದಳು. ಕರೆವ್ವ ಬೂಚು ಬಡಿದು, ಮೇಲೆ ತಗಡು ಮುಚ್ಚಿ, ತಗಡಿನ ಮೇಲೆ ಒಳಕಲ್ಲಿನ ಗುಂಡು ಇಟ್ಟು, ಮಂಜುಳಾ ಕಡೆ ಒಂದು ಸಲ ನೋಡಿ ಹೊರಟಳು. ಮಂಜುಳಾ ಕೂಡ ತನ್ನದನ್ನು ಭದ್ರ ಮಾಡಿ ಕರೆವ್ವನನ್ನು ನೋಡಿಯೇ ಹೊರಟಿದ್ದಳು.

ಆದರೆ ವಾಲ್ ತೆರೆಯುವವರು ಯಾರು? ಅರಿಷಿಣ ಹಚ್ಚಿಸಿಕೊಂಡ ಮದುಮಗ ಊರಲ್ಲಿ ತಿರುಗಬಾರದು. ಬೇರೆಯವರ ಕೈಗೆ ಕೊಡಲು ಕಾಂತೇಶ ತಯಾರಿಲ್ಲ. "ಗಪ್ಪನ ತೆರದ್ರ ಬೂಚ ಎಲ್ಲಾ ಹಾರಿ ಹೋಗತಾವು. ಹಗೂರಕ ತೆರೀಬೇಕು" ಎಂದ. ಅವನ ತಾಯಿ ಅಳುವುದಕ್ಕೆ ಶುರು ಮಾಡಿದಳು. ತಿರುಗಲೇಬೇಕಾದರೆ ಕೈಯಲ್ಲಿ ಕಬ್ಬಿಣ ಇರಬೇಕು, ಅದಕ್ಕೇ ಮದುಮಗನ ಕೈಗೆ ಕಟಾರಿ ಕೊಡುವುದು. ನಾನು ಆ ಉದ್ದನೆಯ ಚಾವಿ ಎತ್ತಿ ಅವನ ಕೈಗಿಟ್ಟೆ. "ಇದಕ್ಕಿಂತಾ ದೊಡ್ಡ ಕಬ್ಬಣ ಯಾವ ಮದಿಮಗ ಹಿಡದಾನವಾ? ಸುಮ್ಕಿರು" ಎಂದೆ. ಹಳದಿಯಲ್ಲಿ ಮುಳುಗಿದ ಮದುಮಗ ನನ್ನ ಅಂಗಡಿಯ ಮುಂದೆ ನಿಂತು, ತಾಯಿ ಮೇಲೆ ಕೊಡೆ ಹಿಡಿದಿರಲು, ಚಾವಿ ತಿರುಗಿಸಿದ. ಕಾಲು ಸುತ್ತು ತಿರುಗಿಸಿ ತಡೆಯುತ್ತಿದ್ದ, ಮತ್ತೆ ಕಾಲು ಸುತ್ತು. ಪೈಪಿಗೆ ಕಿವಿ ಹಚ್ಚಿ ಎದ್ದಾಗ ಪೈಪೂ ಹಳದಿಯಾಗಿತ್ತು.

ಆಮೇಲೆ ಎಲ್ಲರೂ ಏರಿ ಹತ್ತಿದೆವು. ಕೆಳಗಿನ ಓಣಿಯ ಹೆಂಗಸರು ಅರ್ಧ ದಾರಿಗೇ ಉಸಿರು ಕಳೆದುಕೊಂಡರು. ಕರೆವ್ವ ಮೊಣಕಾಲು ಹಿಡಿದು ಎರಡು ಕಡೆ ಕುಳಿತಳು. ಬರಿಗೈಲಿ ಹತ್ತಿಯೇ ಹೀಗೆ!

ಶಟ್ಟೆಪ್ಪನ ಅಂಗಳದಲ್ಲಿ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿದ್ದರು. ತಂಬಿಗೆಗಳು ಖಾಲಿ. ಮೂಲೆಯಲ್ಲಿ ನಳ, ಅದರ ಕೆಳಗೆ ತೊಳೆದಿಟ್ಟ ಹಂಡೆ. ಸ್ನೇಹಲ್ ಅರಿಷಿಣದ ಸೀರೆಯಲ್ಲಿ ಮಣೆಯ ಮೇಲೆ ಕುಳಿತಿದ್ದಳು, ಕಾಂತೇಶ ಹೋಗಿ ಪಕ್ಕದಲ್ಲಿ ಕುಳಿತ. ಹೆಂಗಸರು ಹಾಡು ತೆಗೆದರು. ಎಲ್ಲರ ಕಣ್ಣೂ ನಳದ ಮೇಲೆ.

ನಳ ಸುಸ್ ಎಂದಿತು. ಹಾಡು ಜೋರಾಯಿತು. ಒಂದಿಷ್ಟು ಗಾಳಿ ಬಂತು, ಧೂಳು ಬಂತು. ಆಮೇಲೆ ಸದ್ದು ಸಣ್ಣದಾಗುತ್ತ ಬಂದು ನಿಂತೇಹೋಯಿತು. ಹಾಡೂ ನಿಂತಿತು.

ಕಾಂತೇಶ ಮಣೆಯಿಂದೆದ್ದು ಪೈಪಿಗೆ ಕಿವಿ ಹಚ್ಚಿದ. "ಏರಿ ಬುಡಕ್ಕ ಬಂದ ನಿಂತೈತಿ. ಎಲ್ಲೋ ಇನ್ನೂ ಬಾಯಿ ತೆರದಾವು" ಎಂದ. ಶಟ್ಟೆಪ್ಪ ಗೋಡೆಯ ಕಡೆ ಮುಖ ತಿರುಗಿಸಿ, "ಹುಬ್ಬಳ್ಳಿಯವರಿಗೆ ಹೂಂ ಅಂದಿದ್ರ ಇದೆಲ್ಲಾ ಇರತಿದ್ದಿಲ್ಲ" ಎಂದು ಗೊಣಗಿದ. ಹೊತ್ತು ಮೀರುತ್ತಿತ್ತು. ಸ್ನೇಹಲ್ ತಡೆಯಲಾರದೆ ಎದ್ದು ನಿಂತಳು.

"ಆಯಿ, ಕೊಡಾ ಕೊಡು. ನಾನ ಇಳದ ಹೋಗಿ ತರತೇನಿ."

"ಅದನ್ನ ನೋಡಬಾರದಂತನ ನಾ ಈ ಹಟಾ ಹಿಡದದ್ದು" ಎಂದಳು ಸಾವಂತ್ರೆವ್ವ. ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಮುದುಕಿಯ ಕಣ್ಣಲ್ಲಿ ನೀರು ಬಂದಿತ್ತು.

ಕರೆವ್ವ ಇನ್ನೂ ಏದುಸಿರು ಬಿಡುತ್ತಿದ್ದಳು. ಸಾವಂತ್ರೆವ್ವ ಕಣ್ಣೊರೆಸಿಕೊಂಡು ಒಳಗೆ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟಳು. "ಕುಡಿಯವ್ವಾ. ಮುಂಜಾನೆ ಕೆಳಗಿಂದ ತಂದದ್ದೈತಿ."

ಕರೆವ್ವ ತಂಬಿಗೆ ಬಾಯಿಯವರೆಗೆ ಒಯ್ದಳು. ಹಾಗೇ ನಿಂತಳು. ತಂಬಿಗೆ ನೋಡಿದಳು, ತಾನು ಹತ್ತಿ ಬಂದ ಏರಿ ನೋಡಿದಳು, ಮುದುಕಿಯನ್ನು ನೋಡಿದಳು. ಕುಡಿಯದೆ ಕೆಳಗಿಟ್ಟಳು.

"ಏ ಕಾಂತ್ಯಾ" ಎಂದಳು, ಊರಿಗೆಲ್ಲ ಕೇಳುವ ತನ್ನ ಎಂದಿನ ಧ್ವನಿಯಲ್ಲಿ. "ನಮ್ಮ ಹಿತ್ತಲದಾಗ ಇನ್ನೊಂದ ನಳ ಐತಿ. ಯಾರಿಗೂ ಹೇಳಿಲ್ಲ. ಅದನ್ನ ಮುಚ್ಚಿಲ್ಲ."

ಕಾಂತೇಶ ಬೈಯಲಿಲ್ಲ. "ಮನಿ ಕೀಲಿ ಕೊಡ್ರಿ ಕಾಕು, ನಾ ಹೋಗಿ ಬರತೇನಿ" ಎಂದ.

"ಮದಿಮಗ ಕುಂದ್ರು. ನನ್ನ ನಳಾ ನಾನ ಮುಚ್ಚತೇನಿ" ಎಂದು ಕರೆವ್ವ ಸೀರೆ ಎತ್ತಿ ಕಟ್ಟಿ ಇಳಿಯತೊಡಗಿದಳು. ಆಗ ಮಂಜುಳಾ ನೆಲ ನೋಡುತ್ತ, "ಕಾಕು, ನಿಂದರ್ರಿ. ನಮ್ಮ ಬಚ್ಚಲದಾಗೂ ಒಂದೈತಿ" ಎಂದಳು. ಅವಳ ಹಿಂದೆ ರಾಜೇಶ್ವರಿ ಎದ್ದಳು. ದನದ ಕೊಟ್ಟಿಗೆಯಲ್ಲಿ ಒಂದು, ತುಳಸಿಕಟ್ಟೆಯ ಹಿಂದೆ ಒಂದು, ಮೆಂಬರ್ ಮುತ್ತಪ್ಪನ ಹೆಂಡತಿಯದು ಮೆಟ್ಟಿಲ ಕೆಳಗೆ ಒಂದು. ಹೀಗೆ ಒಬ್ಬೊಬ್ಬರಾಗಿ ಸುರಗಿಯ ಅರ್ಧ ಹೆಂಗಸರು ಮುಖ ಮುಚ್ಚಿಕೊಂಡು, ನಗು ತಡೆಯಲಾರದೆ, ಬಣ್ಣಬಣ್ಣದ ಸೀರೆಗಳಲ್ಲಿ ಏರಿ ಇಳಿದು ಹೋದರು. ಇಷ್ಟು ಕಳ್ಳ ನಳಗಳು ನಮ್ಮೂರಲ್ಲಿವೆ ಎಂದು ಕಾಂತೇಶನಿಗೂ ಗೊತ್ತಿರಲಿಲ್ಲ. ನಾನಂತೂ ಹೊಟ್ಟೆ ಹಿಡಿದು ನಕ್ಕೆ. ಶಟ್ಟೆಪ್ಪನಿಗೂ ನಗು ಬಂತು, ಗೋಡೆಯ ಕಡೆ ತಿರುಗಿದ್ದ ಮುಖ ಈ ಕಡೆ ಆಯಿತು.

ಕಾಂತೇಶ ಪೈಪಿಗೆ ಹಚ್ಚಿದ ಕಿವಿ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕೈಯೆತ್ತಿ, "ಸುಮ್ಕಿರ್ರಿ" ಎಂದ. "ಏರಾಕತ್ತೈತಿ."

ನಳ ಕೆಮ್ಮಿತು. ಕೆಂಪು ನೀರು ಒಮ್ಮೆ ಉಗುಳಿತು, ಮತ್ತೊಮ್ಮೆ ಉಗುಳಿತು. ಆಮೇಲೆ ಹಂಡೆಯ ತಳಕ್ಕೆ ಧೋ ಎಂದು ಬಡಿಯಿತು ತಿಳಿನೀರು. ಗುಡ್ಡದ ಓಣಿಯ ತುಂಬ ಮನೆಮನೆಯ ನಳಗಳು ಒಟ್ಟಿಗೇ ಸದ್ದು ಮಾಡಿದವು, ಯಾರೋ ಕೇಕೆ ಹಾಕಿದರು. ಸ್ನೇಹಲ್ ಅಲ್ಲಿಯೇ ಅತ್ತುಬಿಟ್ಟಳು. ಕಾಂತೇಶ ಮಣೆಗೆ ಬರುವುದನ್ನೂ ಮರೆತು ಹಂಡೆಯ ಮುಂದೆ ಕುಳಿತು ನೋಡುತ್ತಿದ್ದ. ನನ್ನ ಕಣ್ಣಿಗೂ ಏನೋ ಬಿದ್ದಿತ್ತು.

ತಂಬಿಗೆ ತುಂಬಿದವು. ಮದುವೆ ಮಾಡಿಸುವ ಐನವರು ಹೊತ್ತು ಮೀರುತ್ತದೆ ಎಂದರು. ಸಾವಂತ್ರೆವ್ವ ಕೇಳಲಿಲ್ಲ. "ಮೊದಲನೇ ತಂಬಗಿ ಹಾಕಾಕಿ ಕೆಳಗ ಹೋಗ್ಯಾಳ. ಬರಲಿ" ಎಂದಳು. ಕರೆವ್ವ ಎರಡನೆಯ ಸಲ ಏರಿ ಹತ್ತಿ, ಬೆವರಿನಲ್ಲಿ ತೊಯ್ದು ಬಂದಳು. ಅಂಗಳಕ್ಕೆ ಕಾಲಿಟ್ಟವಳೇ ನಳದ ಕೆಳಗೆ ಬೊಗಸೆ ಹಿಡಿದು ಹೊಟ್ಟೆ ತುಂಬ ಕುಡಿದಳು. ಆಮೇಲೆ ತಂಬಿಗೆ ಎತ್ತಿ ಮದುಮಕ್ಕಳಿಬ್ಬರ ತಲೆಯ ಮೇಲೆ ಸುರಿದಳು. ಅವಳ ಹಿಂದೆ ಮಂಜುಳಾ, ರಾಜೇಶ್ವರಿ, ಉಳಿದವರು. ಅವತ್ತಿನಷ್ಟು ನೀರು ಹಾಕಿದ ಸುರಗಿಯನ್ನು ನಾನು ಕಂಡಿಲ್ಲ, ಮದುಮಗ ಉಸಿರು ಕಟ್ಟಿ ಸಾಕು ಸಾಕು ಎನ್ನುತ್ತಿದ್ದ.

ಅಕ್ಷತೆ ಬಿತ್ತು, ಊಟವಾಯಿತು. ಸಂಜೆ ಹೆಣ್ಣು ಒಪ್ಪಿಸಿಕೊಡುವ ಹೊತ್ತು. ನಮ್ಮಲ್ಲಿ ಆಗ ಎಲ್ಲರೂ ಅಳುತ್ತಾರೆ, ಅಳಲೇಬೇಕು. ಸ್ನೇಹಲ್‌ಳ ತಾಯಿ ಅತ್ತಳು, ಶಟ್ಟೆಪ್ಪ ಅತ್ತ. ಸಾವಂತ್ರೆವ್ವ ಮಾತ್ರ ಅಳದೆ ಮೊಮ್ಮಗಳ ಕೈಯನ್ನು ಕಾಂತೇಶನ ಕೈಯಲ್ಲಿಟ್ಟಳು. ಕೈ ಬಿಡಲಿಲ್ಲ. ಅವನ ಮುಖವನ್ನು ದಿಟ್ಟಿಸಿ ನೋಡಿದಳು.

"ಹುಡಿಗಿನ್ನ ಒಯ್ಯಪಾ. ನೀರ ಒಯ್ಯಬ್ಯಾಡ."

ಹಿಂದಿನಿಂದ ಕರೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಅವನ್ನೇನ ಕೇಳತಿ ಮುದಿಕಿ, ನನ್ನ ಕೇಳು. ನಾಳೆ ಮುಂಜಾನೆ ಗುದ್ದಲಿ ಕೊಟ್ಟು ಶಟ್ಟೆಪ್ಪನ್ನ ನಮ್ಮ ಮನಿಗೆ ಕಳಸು. ಮೆಟ್ಟಲಾ ಭಾಳ ಅದಾವು, ನನಗೊಬ್ಬಾಕಿಗೆ ಮುಚ್ಚಾಕ ಆಗಂಗಿಲ್ಲ."